ಸೋಲಿನ ಅಂಚಿನಿಂದ ಹಿಂತಿರುಗಿದ ತಂಡ: ಪಶ್ಚಿಮ ಜರ್ಮನಿಯ ಪಂದ್ಯಗಳು, ಅಭಿಮಾನಿಗಳ ನೆನಪುಗಳು



ಫುಟ್‌ಬಾಲ್ ಆಟದಲ್ಲಿ ಗೋಲು ಸುಲಭವಾಗಿ ಕೈಗೆ ಸಿಗುವ ವಸ್ತುವಲ್ಲ. ಕ್ರಿಕೆಟ್ಟಿನ ಒಂದು ಓವರಿನಲ್ಲಿ ಹತ್ತು ಹನ್ನೆರಡು ರನ್ನು ಬರುವುದುಂಟು. ಕಬಡ್ಡಿಯಲ್ಲಿ ಒಂದೇ ದಾಳಿಗೆ ಎರಡು ಮೂರು ಅಂಕ ದೊರೆಯುವುದುಂಟು. ಫುಟ್‌ಬಾಲಿನಲ್ಲಿ ಇಪ್ಪತ್ತೆರಡು ಮಂದಿ ತೊಂಬತ್ತು ನಿಮಿಷ ಬೆವರು ಸುರಿಸಿದ ಮೇಲೂ ಒಂದೇ ಒಂದು ಗೋಲು ಫಲಿತಾಂಶವನ್ನು ನಿರ್ಧರಿಸಿಬಿಡಬಹುದು. ಹೀಗಿರುವಾಗ ಎರಡು ಗೋಲುಗಳಿಂದ ಹಿಂದೆ ಬಿದ್ದ ತಂಡ ಮತ್ತೆ ಎದ್ದು ನಿಂತು ಪಂದ್ಯವನ್ನು ಗೆದ್ದರೆ, ಅದನ್ನು ಕಂಡವರು ಜೀವನಪೂರ್ತಿ ಮರೆಯುವುದಿಲ್ಲ. ಅಜ್ಜಂದಿರಾದ ಮೇಲೂ ಮೊಮ್ಮಕ್ಕಳನ್ನು ಕೂರಿಸಿಕೊಂಡು ಆ ಕಥೆಯನ್ನು ಹೇಳುತ್ತಾರೆ.

ಆದರೆ ಅವರು ಹೇಳುವ ಕಥೆ ನಡೆದದ್ದು ನಡೆದ ಹಾಗೆಯೇ ಇರುತ್ತದೆಯೇ? ನೆನಪು ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಒಂದು ತಂಡದ ಕೆಲವು ಪಂದ್ಯಗಳನ್ನು ನೋಡೋಣ. ಆ ತಂಡ ಪಶ್ಚಿಮ ಜರ್ಮನಿ. ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಎರಡು ರಾಷ್ಟ್ರಗಳಾಗಿ ಒಡೆದದ್ದು, 1990ರಲ್ಲಿ ಮತ್ತೆ ಒಂದಾದದ್ದು ನಿಮ್ಮ ಇತಿಹಾಸ ಪಾಠದಲ್ಲಿ ಬಂದಿರುತ್ತದೆ. ಆ ನಡುವಿನ ವರ್ಷಗಳಲ್ಲಿ ಪಶ್ಚಿಮ ಜರ್ಮನಿಯ ತಂಡ ಸೋಲಿನ ಬಾಯಿಂದ ಪಾರಾಗಿ ಬರುವುದಕ್ಕೆ ಹೆಸರಾಯಿತು.

ಬರ್ನ್, 1954

1954ರ ವಿಶ್ವಕಪ್ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ಆಗ ಜಗತ್ತಿನ ಅತ್ಯುತ್ತಮ ತಂಡ ಯಾವುದೆಂದು ಕೇಳಿದ್ದರೆ ಎಲ್ಲರೂ ಹಂಗೆರಿಯ ಹೆಸರನ್ನೇ ಹೇಳುತ್ತಿದ್ದರು. ನಾಲ್ಕು ವರ್ಷಗಳಿಂದ ಅದು ಸೋಲನ್ನೇ ಕಂಡಿರಲಿಲ್ಲ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನ ಚಿನ್ನದ ಪದಕ, 1953ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ 6-3ರ ಜಯ, ಹೀಗೆ ಅದರ ಸಾಧನೆಯ ಪಟ್ಟಿ ಉದ್ದವಾಗಿತ್ತು. ನಾಯಕ ಫೆರೆಂಕ್ ಪುಷ್ಕಾಶ್‌ನ ಎಡಗಾಲಿನ ಹೊಡೆತಕ್ಕೆ ಗೋಲ್‌ಕೀಪರುಗಳು ಹೆದರುತ್ತಿದ್ದರು.

ಪಶ್ಚಿಮ ಜರ್ಮನಿಯ ಸ್ಥಿತಿ ಬೇರೆ. ಯುದ್ಧದಲ್ಲಿ ಸೋತ ದೇಶ. 1950ರ ವಿಶ್ವಕಪ್ಪಿನಲ್ಲಿ ಅದು ಆಡಿಯೇ ಇರಲಿಲ್ಲ. 1954ರ ಜೂನ್ 20ರಂದು, ಗುಂಪಿನ ಹಂತದಲ್ಲಿ ಹಂಗೆರಿ ಅದನ್ನು 8-3ರಿಂದ ಮಣಿಸಿತ್ತು. ಆ ದಿನ ತರಬೇತುದಾರ ಸೆಪ್ ಹೆರ್ಬರ್ಗರ್ ತನ್ನ ಮುಖ್ಯ ಆಟಗಾರರಲ್ಲಿ ಹಲವರಿಗೆ ವಿಶ್ರಾಂತಿ ಕೊಟ್ಟಿದ್ದ. ಅದೇ ಪಂದ್ಯದಲ್ಲಿ ಪುಷ್ಕಾಶ್‌ನ ಕಾಲಿನ ಗಂಟಿಗೆ ಪೆಟ್ಟು ಬಿದ್ದಿತು.

ಎರಡು ವಾರಗಳ ನಂತರ, ಜುಲೈ 4ರಂದು, ಬರ್ನ್ ನಗರದ ವಾಂಕ್‌ಡಾರ್ಫ್ ಕ್ರೀಡಾಂಗಣದಲ್ಲಿ ಅದೇ ಎರಡು ತಂಡಗಳು ಅಂತಿಮ ಪಂದ್ಯದಲ್ಲಿ ಎದುರಾದವು. ಮಳೆ ಸುರಿಯುತ್ತಿತ್ತು. ಪೂರ್ತಿ ಗುಣವಾಗದಿದ್ದರೂ ಪುಷ್ಕಾಶ್ ಕಣಕ್ಕಿಳಿದ. ಆರನೆಯ ನಿಮಿಷದಲ್ಲಿ ಅವನೇ ಮೊದಲ ಗೋಲು ಹೊಡೆದ. ಎಂಟನೆಯ ನಿಮಿಷದಲ್ಲಿ ಚಿಬೋರ್ ಎರಡನೆಯದನ್ನು ಸೇರಿಸಿದ. ಮತ್ತೊಂದು 8-3 ಬರುತ್ತದೆಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಹತ್ತನೆಯ ನಿಮಿಷಕ್ಕೆ ಮ್ಯಾಕ್ಸ್ ಮೊರ್ಲಾಕ್, ಹದಿನೆಂಟನೆಯ ನಿಮಿಷಕ್ಕೆ ಹೆಲ್ಮುಟ್ ರಾನ್ ಗೋಲು ಹೊಡೆದು ಲೆಕ್ಕವನ್ನು ಸರಿಮಾಡಿದರು. ಆಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಹಂಗೆರಿ ಒಂದೇ ಸಮನೆ ಮುತ್ತಿಗೆ ಹಾಕಿತು. ಚೆಂಡು ಗೋಲು ಕಂಬಕ್ಕೆ ಬಡಿಯಿತು, ಅಡ್ಡಪಟ್ಟಿಗೂ ಬಡಿಯಿತು. ಗೋಲ್‌ಕೀಪರ್ ಟೋನಿ ಟುರೆಕ್ ಮತ್ತೆ ಮತ್ತೆ ಅಡ್ಡ ನಿಂತ. 84ನೆಯ ನಿಮಿಷದಲ್ಲಿ ರಾನ್ ಎಡಗಾಲಿನಿಂದ ನೆಲಮಟ್ಟದಲ್ಲಿ ಹೊಡೆದ ಚೆಂಡು ಬಲೆಯ ಮೂಲೆಗೆ ಸೇರಿತು. ಕೊನೆಯ ಕ್ಷಣಗಳಲ್ಲಿ ಪುಷ್ಕಾಶ್ ಹೊಡೆದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಪಶ್ಚಿಮ ಜರ್ಮನಿ 3-2ರಿಂದ ವಿಶ್ವಕಪ್ ಗೆದ್ದಿತು.

ಕಿವಿಯಲ್ಲಿ ಉಳಿದ ಪಂದ್ಯ

ಇಲ್ಲೊಂದು ಸ್ವಾರಸ್ಯವಿದೆ. ಆಗ ಜರ್ಮನಿಯಲ್ಲಿ ದೂರದರ್ಶನ ಪೆಟ್ಟಿಗೆ ಇದ್ದ ಮನೆಗಳು ತೀರ ಕಡಿಮೆ. ಜನ ಅಂಗಡಿಗಳ ಗಾಜಿನ ಮುಂದೆ, ಹೋಟೆಲುಗಳಲ್ಲಿ ಗುಂಪುಗೂಡಿ ನೋಡಿದರು. ಹೆಚ್ಚಿನವರು ನೋಡಲೇ ಇಲ್ಲ, ಬಾನುಲಿಯಲ್ಲಿ ಕೇಳಿದರು. ಹರ್ಬರ್ಟ್ ಝಿಮ್ಮರ್‌ಮನ್ ಎಂಬ ವೀಕ್ಷಕ ವಿವರಣೆಗಾರನ ಕಂಠವೇ ಅವರ ಪಾಲಿಗೆ ಪಂದ್ಯವಾಯಿತು. ರಾನ್ ಚೆಂಡನ್ನು ಹಿಡಿದಾಗ ಅವನು ಹೊಡೆಯಬೇಕು ಎಂದು ಹಂಬಲಿಸಿದ ದನಿ, ಗೋಲಾದಾಗ ಮತ್ತೆ ಮತ್ತೆ ಕೂಗಿದ ಕೂಗು, ಮುಗಿಯಿತು ಎಂದು ಸಾರಿದ ಉದ್ಗಾರ, ಇವು ಆ ದಿನ ಹುಟ್ಟಿಯೇ ಇರದ ಜರ್ಮನರಿಗೂ ಬಾಯಿಪಾಠ. ಆ ಪಂದ್ಯದ ಸಂಪೂರ್ಣ ದೂರದರ್ಶನ ಮುದ್ರಿಕೆ ಉಳಿದಿಲ್ಲ. ಉಳಿದಿರುವ ಚಲನಚಿತ್ರದ ತುಣುಕುಗಳಿಗೆ ಝಿಮ್ಮರ್‌ಮನ್‌ನ ಬಾನುಲಿ ದನಿಯನ್ನು ಜೋಡಿಸಿ ತೋರಿಸುವುದೇ ವಾಡಿಕೆ. ಹಾಗಾಗಿ "ನಾನು ನೋಡಿದೆ" ಎಂದು ಹೇಳುವ ಎಷ್ಟೋ ಮಂದಿ ನಿಜವಾಗಿ ಕೇಳಿದವರು. ಕೇಳಿದ್ದಕ್ಕೆ ಮುಂದೆ ಎಂದೋ ನೋಡಿದ ಚಿತ್ರವನ್ನು ಮನಸ್ಸು ಹೊಂದಿಸಿಕೊಂಡಿರುತ್ತದೆ.

ಟುರೆಕ್‌ನ ಆಟವನ್ನು ಕಂಡು ಝಿಮ್ಮರ್‌ಮನ್ ಉತ್ಸಾಹದಲ್ಲಿ ಅವನನ್ನು ಫುಟ್‌ಬಾಲಿನ ದೇವರೆಂದು ಕರೆದುಬಿಟ್ಟಿದ್ದ. ಅದು ಕೆಲವರಿಗೆ ದೈವನಿಂದನೆಯಾಗಿ ಕೇಳಿಸಿ, ಮುಂದೆ ಆತ ಕ್ಷಮೆ ಕೇಳಬೇಕಾಯಿತು. ಜನ ಕ್ಷಮೆಯನ್ನು ಮರೆತರು, ಮಾತನ್ನು ಮರೆಯಲಿಲ್ಲ.

ಅಭಿಮಾನಿಗಳು ಈ ಗೆಲುವನ್ನು "ಬರ್ನ್ ಪವಾಡ" ಎಂದೇ ಕರೆಯುತ್ತಾರೆ. ಪವಾಡ ಎಂದುಬಿಟ್ಟರೆ ಕಾರಣ ಹುಡುಕುವ ಕೆಲಸ ಉಳಿಯುವುದಿಲ್ಲ. ಆದರೆ ಕಾರಣಗಳಿದ್ದವು. ಪುಷ್ಕಾಶ್ ಪೂರ್ತಿ ಗುಣವಾಗಿರಲಿಲ್ಲ. ಹಂಗೆರಿ ಸೆಮಿಫೈನಲಿನಲ್ಲಿ ಉರುಗ್ವೆಯ ವಿರುದ್ಧ ಹೆಚ್ಚುವರಿ ಸಮಯ ಆಡಿ ದಣಿದಿತ್ತು. ಜರ್ಮನಿ ಆಸ್ಟ್ರಿಯವನ್ನು 6-1ರಿಂದ ಸುಲಭವಾಗಿ ಸೋಲಿಸಿ ಬಂದಿತ್ತು. ಜರ್ಮನ್ ನಾಯಕ ಫ್ರಿಟ್ಜ್ ವಾಲ್ಟರ್‌ಗೆ ಯುದ್ಧಕಾಲದಲ್ಲಿ ಮಲೇರಿಯಾ ಬಂದಿತ್ತು. ಬಿಸಿಲಿನಲ್ಲಿ ಸೊರಗುತ್ತಿದ್ದ ಆತ ಮಳೆಯಲ್ಲಿ ಅರಳುತ್ತಿದ್ದ. ಮಳೆ ಬೀಳುವ ದಿನವನ್ನು ಜರ್ಮನರು ಈಗಲೂ "ಫ್ರಿಟ್ಜ್ ವಾಲ್ಟರ್ ಹವೆ" ಎನ್ನುತ್ತಾರೆ. ತಂಡದ ಬೂಟುಗಳನ್ನು ಆಡಿ ಡಾಸ್ಲರ್ ಎಂಬಾತ ತಯಾರಿಸಿದ್ದ; ಅಡಿಯ ಗುಬ್ಬಿಗಳನ್ನು ತಿರುಪಿ ಬದಲಾಯಿಸಬಹುದಿತ್ತು. ಕೆಸರಿಗೆ ಉದ್ದನೆಯ ಗುಬ್ಬಿ ಹಾಕಿಕೊಂಡ ಜರ್ಮನರ ಕಾಲು ಜಾರಲಿಲ್ಲ.

ಹೊಗಳಿಕೆಯ ಜೊತೆಗೆ ಒಂದು ಸಂದೇಹವನ್ನೂ ಹೇಳಬೇಕು. ಜರ್ಮನ್ ಆಟಗಾರರಿಗೆ ಚುಚ್ಚುಮದ್ದು ಕೊಡಲಾಗಿತ್ತು. ಅದು ವಿಟಮಿನ್ 'ಸಿ' ಎಂದು ತಂಡದವರು ಹೇಳಿದರು. ಉತ್ತೇಜಕವಿದ್ದಿರಬಹುದೆಂದು ನಂತರದ ಸಂಶೋಧಕರು ಸಂದೇಹಪಟ್ಟಿದ್ದಾರೆ, ಅದು ಸಾಬೀತಾಗಿಲ್ಲ. ಅಜ್ಜ ಹೇಳುವ ಕಥೆಯಲ್ಲಿ ಇದಕ್ಕೆ ಸ್ಥಾನವಿಲ್ಲ.

ಲಿಯೋನ್, 1970

ಈಗ ಮೆಕ್ಸಿಕೋಗೆ ಬನ್ನಿ. 1970ರ ಜೂನ್ 14, ಲಿಯೋನ್ ನಗರ, ಕ್ವಾರ್ಟರ್ ಫೈನಲ್. ಎದುರಾಳಿ ಇಂಗ್ಲೆಂಡ್. 1966ರ ಅಂತಿಮ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯನ್ನೇ 4-2ರಿಂದ ಸೋಲಿಸಿ ಕಪ್ ಗೆದ್ದ ತಂಡ. ಯುರೋಪಿನ ದೂರದರ್ಶನ ವೀಕ್ಷಕರಿಗೆ ಅನುಕೂಲವಾಗಲೆಂದು ನಡುಮಧ್ಯಾಹ್ನ ಪಂದ್ಯ ಇಟ್ಟಿದ್ದರು. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ, ನೆತ್ತಿಯ ಮೇಲೆ ಸೂರ್ಯ. ಇಂಗ್ಲೆಂಡಿನ ಹೆಸರಾಂತ ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್ ಹೊಟ್ಟೆ ಕೆಟ್ಟು ಮಲಗಿದ್ದ. ಅವನ ಬದಲಿಗೆ ಪೀಟರ್ ಬೊನೆಟ್ಟಿ ಆಡಬೇಕಾಯಿತು.

31ನೆಯ ನಿಮಿಷದಲ್ಲಿ ಮುಲ್ಲೆರಿ, 49ನೆಯ ನಿಮಿಷದಲ್ಲಿ ಮಾರ್ಟಿನ್ ಪೀಟರ್ಸ್ ಗೋಲು ಹೊಡೆದು ಇಂಗ್ಲೆಂಡನ್ನು 2-0 ಮುನ್ನಡೆಗೆ ತಂದರು. 68ನೆಯ ನಿಮಿಷದಲ್ಲಿ ಫ್ರಾಂಜ್ ಬೆಕೆನ್‌ಬಾವರ್ ಹೊಡೆದ ಚೆಂಡು ಬೊನೆಟ್ಟಿಯ ಮೈಯಡಿ ನುಸುಳಿತು. 82ನೆಯ ನಿಮಿಷದಲ್ಲಿ ಊವೆ ಸೀಲರ್ ಗೋಲಿಗೆ ಬೆನ್ನು ಹಾಕಿದ್ದರೂ ಹಿಂದಲೆಯಿಂದ ಚೆಂಡನ್ನು ಬಲೆಗೆ ಕಳಿಸಿದ. ಹೆಚ್ಚುವರಿ ಸಮಯದಲ್ಲಿ, 108ನೆಯ ನಿಮಿಷಕ್ಕೆ, ಗೆರ್ಡ್ ಮುಲ್ಲರ್ ಮೂರನೆಯ ಗೋಲು ಹೊಡೆದ. ಮತ್ತೆ 3-2.

ಇಂಗ್ಲೆಂಡಿನ ಅಭಿಮಾನಿಗಳನ್ನು ಈ ಪಂದ್ಯದ ಬಗ್ಗೆ ಕೇಳಿದರೆ ಬಹಳ ಮಂದಿ ಹೇಳುವುದು ಒಂದೇ: "ತರಬೇತುದಾರ ಆಲ್ಫ್ ರಾಮ್ಸೆ ಬಾಬಿ ಚಾರ್ಲ್ಟನ್‌ನನ್ನು ಹೊರಗೆ ಕರೆಸಿದ, ಬೆಕೆನ್‌ಬಾವರ್‌ಗೆ ಬಿಡುವು ಸಿಕ್ಕಿತು, ಗೋಲು ಹೊಡೆದ." ಕಾರಣ, ಪರಿಣಾಮ ಎರಡೂ ಅಚ್ಚುಕಟ್ಟಾಗಿ ಹೊಂದುತ್ತವೆ. ಆದರೆ ದಾಖಲೆ ಬೇರೆ ಹೇಳುತ್ತದೆ. ಬೆಕೆನ್‌ಬಾವರ್ ಗೋಲು ಹೊಡೆದಾಗ ಚಾರ್ಲ್ಟನ್ ಮೈದಾನದಲ್ಲೇ ಇದ್ದ. ಅವನನ್ನು ಬದಲಿಸಿದ್ದು ಗೋಲಾದ ಮೇಲೆ. ಮನಸ್ಸು ಎರಡು ಘಟನೆಗಳ ಕ್ರಮವನ್ನು ತಿರುಗುಮುರುಗು ಮಾಡಿತು. ಸೋಲಿಗೆ ಒಬ್ಬ ಹೊಣೆಗಾರ ಬೇಕಾಗಿತ್ತು. ನೆನಪು ಅವನನ್ನು ಒದಗಿಸಿಕೊಟ್ಟಿತು. ನಾಲ್ಕು ದಿನಗಳ ನಂತರ ಬ್ರಿಟನ್ನಿನ ಚುನಾವಣೆಯಲ್ಲಿ ಲೇಬರ್ ಪಕ್ಷ ಸೋತದ್ದಕ್ಕೂ ಈ ಪಂದ್ಯದ ಬೇಸರವೇ ಕಾರಣವೆಂದು ಹೇಳುವವರೂ ಇದ್ದಾರೆ!

ಅಭಿಮಾನಿಗಳು ಅಷ್ಟಾಗಿ ಹೇಳದ ಕಾರಣ ಇನ್ನೊಂದಿದೆ. ವಿಶ್ವಕಪ್ಪಿನಲ್ಲಿ ಬದಲಿ ಆಟಗಾರರನ್ನು ಇಳಿಸಲು ಅವಕಾಶವಾದದ್ದು 1970ರಲ್ಲೇ ಮೊದಲು. ಜರ್ಮನಿ ಎರಡನೆಯ ಅವಧಿಯಲ್ಲಿ ಗ್ರಾಬೊವ್ಸ್ಕಿ ಎಂಬ ಚುರುಕಾದ ಆಟಗಾರನನ್ನು ಬದಿಯಿಂದ ದಾಳಿಗಿಳಿಸಿತು. ಬಿಸಿಲಿಗೆ ಬಳಲಿದ್ದ ಇಂಗ್ಲಿಷ್ ರಕ್ಷಣಾ ಆಟಗಾರರು ಅವನ ಹಿಂದೆ ಓಡಿ ಸುಸ್ತಾದರು. ಹೊಸ ನಿಯಮವನ್ನು ಚೆನ್ನಾಗಿ ಬಳಸಿಕೊಂಡವರು ಗೆದ್ದರು.

ಸೆವಿಲ್ಲಾ, 1982: ಸೋತವರ ನೆನಪು

ಒಂದು ತಂಡದ ಪುನರಾಗಮನ ಇನ್ನೊಂದು ತಂಡದ ಕುಸಿತವೂ ಹೌದು. ಇದನ್ನು ತಿಳಿಯಲು 1982ರ ಜುಲೈ 8ರಂದು ಸ್ಪೇನಿನ ಸೆವಿಲ್ಲಾದಲ್ಲಿ ನಡೆದ ಸೆಮಿಫೈನಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎದುರಾಳಿ ಮಿಶೆಲ್ ಪ್ಲಾಟಿನಿಯ ಫ್ರಾನ್ಸ್.

ಲಿಟ್‌ಬಾರ್ಸ್‌ಕಿ ಜರ್ಮನಿಗೆ, ಪ್ಲಾಟಿನಿ ಫ್ರಾನ್ಸಿಗೆ ಒಂದೊಂದು ಗೋಲು ಹೊಡೆದರು. ಎರಡನೆಯ ಅವಧಿಯಲ್ಲಿ ಫ್ರಾನ್ಸಿನ ಬದಲಿ ಆಟಗಾರ ಪ್ಯಾಟ್ರಿಕ್ ಬಟ್ಟಿಸ್ಟನ್ ಗೋಲಿನತ್ತ ಓಡುತ್ತಿದ್ದಾಗ ಜರ್ಮನ್ ಗೋಲ್‌ಕೀಪರ್ ಹೆರಾಲ್ಡ್ ಶುಮಾಕರ್ ಮೇಲಕ್ಕೆ ಜಿಗಿದು ಅವನಿಗೆ ಭಯಂಕರವಾಗಿ ಡಿಕ್ಕಿ ಹೊಡೆದ. ಬಟ್ಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದ. ಹಲ್ಲು ಉದುರಿತು, ಬೆನ್ನೆಲುಬಿಗೂ ಪೆಟ್ಟಾಯಿತು. ರೆಫರಿ ಪೆನಾಲ್ಟಿಯನ್ನೂ ಕೊಡಲಿಲ್ಲ, ಎಚ್ಚರಿಕೆಯ ಚೀಟಿಯನ್ನೂ ತೋರಿಸಲಿಲ್ಲ. ಗೋಲ್ ಕಿಕ್ ಕೊಟ್ಟು ಆಟ ಮುಂದುವರಿಸಿದ.

ಹೆಚ್ಚುವರಿ ಸಮಯದಲ್ಲಿ ಟ್ರೆಸೋರ್, ಜಿರೆಸ್ ಹೊಡೆದ ಗೋಲುಗಳಿಂದ ಫ್ರಾನ್ಸ್ 3-1 ಮುಂದೆ ಹೋಯಿತು. ಸ್ನಾಯು ನೋವಿನಿಂದ ಹೊರಗೆ ಕುಳಿತಿದ್ದ ನಾಯಕ ಕಾರ್ಲ್ ಹೈಂಜ್ ರುಮೆನಿಗ್ಗೆಯನ್ನು ಜರ್ಮನಿ ಕಣಕ್ಕಿಳಿಸಿತು. ಬಂದ ಕೆಲವೇ ನಿಮಿಷಗಳಲ್ಲಿ ಆತ ಗೋಲು ಹೊಡೆದ. 108ನೆಯ ನಿಮಿಷದಲ್ಲಿ ಕ್ಲೌಸ್ ಫಿಷರ್ ಗಾಳಿಯಲ್ಲಿ ಅಂಗಾತನಾಗಿ ಚೆಂಡನ್ನು ಒದ್ದು 3-3 ಮಾಡಿದ. ವಿಶ್ವಕಪ್ಪಿನ ಇತಿಹಾಸದಲ್ಲೇ ಮೊದಲ ಪೆನಾಲ್ಟಿ ಶೂಟೌಟ್ ನಡೆಯಿತು. ಜರ್ಮನಿಯ ಸ್ಟೀಲಿಕೆ ತನ್ನ ಹೊಡೆತ ವಿಫಲವಾದಾಗ ನೆಲಕ್ಕೆ ಕುಸಿದ. ಆದರೆ ಶುಮಾಕರ್ ಫ್ರಾನ್ಸಿನ ಎರಡು ಹೊಡೆತಗಳನ್ನು ತಡೆದ. ಜರ್ಮನಿ 5-4ರಿಂದ ಗೆದ್ದಿತು.

ಜರ್ಮನ್ ಅಭಿಮಾನಿ ಈ ಪಂದ್ಯವನ್ನು ಫಿಷರ್‌ನ ಅಂಗಾತ ಒದೆತದಿಂದ ನೆನೆಯುತ್ತಾನೆ. ಫ್ರೆಂಚ್ ಅಭಿಮಾನಿ ಬಟ್ಟಿಸ್ಟನ್‌ನನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ದಾಗ ಪಕ್ಕದಲ್ಲಿ ಕೈ ಹಿಡಿದು ನಡೆದ ಪ್ಲಾಟಿನಿಯನ್ನು ನೆನೆಯುತ್ತಾನೆ. ಒಂದೇ ಮೈದಾನ, ಒಂದೇ ಸಂಜೆ. ಶುಮಾಕರ್ ಮುಂದೆ ಬಟ್ಟಿಸ್ಟನ್‌ನನ್ನು ಕಂಡು ಕ್ಷಮೆ ಕೇಳಿದ, ಬಟ್ಟಿಸ್ಟನ್ ಕ್ಷಮಿಸಿದ. ಆದರೆ ಎಷ್ಟೋ ಫ್ರೆಂಚ್ ಅಭಿಮಾನಿಗಳಿಗೆ ಅದು ಸಾಧ್ಯವಾಗಲಿಲ್ಲ.

ಇಂಥದ್ದನ್ನು ಮನಃಶಾಸ್ತ್ರಜ್ಞರು ಪರೀಕ್ಷಿಸಿಯೂ ನೋಡಿದ್ದಾರೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲಿನ ಒಂದು ಒರಟು ಪಂದ್ಯ ನಡೆಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಸಂಶೋಧಕರು ಅದರ ಚಿತ್ರವನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತಿಸಲು ಹೇಳಿದರು. ಡಾರ್ಟ್‌ಮತ್ ತಂಡ ಎಸಗಿದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡವು. 1954ರಲ್ಲಿ ಪ್ರಕಟವಾದ ಈ ಅಧ್ಯಯನ ನಮಗೆ ಹೇಳುವುದಿಷ್ಟು: ಪಕ್ಷಪಾತ ನೆನಪಿನಲ್ಲಿ ಮಾತ್ರವಲ್ಲ, ನೋಡುವ ಕಣ್ಣಿನಲ್ಲೇ ಶುರುವಾಗುತ್ತದೆ.

ಮರೆತುಹೋಗುವ ಇನ್ನೊಂದು ಪಟ್ಟಿ

ಇಷ್ಟನ್ನು ಕೇಳಿದ ಮೇಲೆ "ಜರ್ಮನರ ರಕ್ತದಲ್ಲೇ ಸೋಲೊಪ್ಪದ ಗುಣವಿದೆ" ಎಂದು ನಿಮಗೆ ಅನ್ನಿಸಬಹುದು. ಪತ್ರಿಕೆಗಳೂ ಹಾಗೆ ಬರೆದದ್ದುಂಟು. ತೀರ್ಮಾನಕ್ಕೆ ಬರುವ ಮುನ್ನ ಇನ್ನೊಂದು ಪಟ್ಟಿಯನ್ನೂ ನೋಡಬೇಕು.

1970ರಲ್ಲಿ ಇಂಗ್ಲೆಂಡನ್ನು ಸೋಲಿಸಿದ ಮೂರೇ ದಿನಗಳಿಗೆ ಪಶ್ಚಿಮ ಜರ್ಮನಿ ಇಟಲಿಯ ಎದುರು ಕೊನೆಯ ನಿಮಿಷದಲ್ಲಿ ಸಮ ಮಾಡಿತು. ಭುಜದ ಕೀಲು ತಪ್ಪಿದ ಬೆಕೆನ್‌ಬಾವರ್ ತೋಳಿಗೆ ಪಟ್ಟಿ ಕಟ್ಟಿಕೊಂಡೇ ಆಡಿದ. ಆದರೂ ಹೆಚ್ಚುವರಿ ಸಮಯದ ನಂತರ 4-3ರಿಂದ ಸೋತಿತು. 1976ರ ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಸೆಮಿಫೈನಲಿನಲ್ಲಿ ಯುಗೊಸ್ಲಾವಿಯದ ವಿರುದ್ಧ 0-2 ಹಿಂದಿದ್ದು 4-2ರಿಂದ ಗೆದ್ದಿತು. ಬದಲಿ ಆಟಗಾರನಾಗಿ ಬಂದ ಡೀಟರ್ ಮುಲ್ಲರ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲೇ ಮೂರು ಗೋಲು ಹೊಡೆದ. ಮೂರು ದಿನಗಳ ನಂತರ ಅಂತಿಮ ಪಂದ್ಯದಲ್ಲಿ ಚೆಕೊಸ್ಲೊವಾಕಿಯದ ಎದುರೂ 0-2ರಿಂದ 2-2ಕ್ಕೆ ಬಂದಿತು, ಆದರೆ ಪೆನಾಲ್ಟಿಗಳಲ್ಲಿ ಸೋತಿತು. ಸೆವಿಲ್ಲಾದಲ್ಲಿ ಗೆದ್ದ ತಂಡ 1982ರ ಅಂತಿಮ ಪಂದ್ಯದಲ್ಲಿ ಇಟಲಿಗೆ 1-3ರಿಂದ ಶರಣಾಯಿತು.

1986ರ ಜೂನ್ 29ರ ಅಂತಿಮ ಪಂದ್ಯವನ್ನು ನಿಮ್ಮ ಮನೆಯ ಹಿರಿಯರೇ ನೋಡಿರಬಹುದು. ಮೆಕ್ಸಿಕೋ ನಗರದಲ್ಲಿ ನಡುಹಗಲು, ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ನಿದ್ದೆಗೆಟ್ಟು ದೂರದರ್ಶನದ ಮುಂದೆ ಕುಳಿತವರು ಮರಡೋನಾನ ಅರ್ಜೆಂಟೀನಾ 2-0 ಮುನ್ನಡೆದದ್ದನ್ನು ಕಂಡರು. 74ನೆಯ ನಿಮಿಷದಲ್ಲಿ ರುಮೆನಿಗ್ಗೆ, ಸ್ವಲ್ಪ ಹೊತ್ತಿನಲ್ಲೇ ರುಡಿ ವೊಲ್ಲರ್, ಎರಡೂ ಕಾರ್ನರ್ ಕಿಕ್‌ಗಳಿಂದ ಗೋಲು ಹೊಡೆದು 2-2 ಮಾಡಿದ್ದನ್ನೂ ಕಂಡರು. ಇನ್ನೇನು ಹಳೆಯ ಕಥೆಯೇ ಮರುಕಳಿಸುತ್ತದೆ ಎನ್ನುವಷ್ಟರಲ್ಲಿ ಮರಡೋನಾ ನೀಡಿದ ಒಂದು ಪಾಸ್, ಬುರುಚಾಗನ ಓಟ, ಗೋಲು. ಅರ್ಜೆಂಟೀನಾ 3-2.

ಒಂದಾದ ಜರ್ಮನಿಯ ತಂಡಕ್ಕೂ ಒಮ್ಮೆ ಇದರ ರುಚಿ ತಿಳಿಯಿತು. 2012ರ ಅಕ್ಟೋಬರ್ 16ರಂದು ಬರ್ಲಿನ್ನಿನಲ್ಲಿ ಸ್ವೀಡನ್ ವಿರುದ್ಧ 4-0 ಮುಂದಿದ್ದ ಜರ್ಮನಿ ಕೊನೆಯ ಅರ್ಧ ಗಂಟೆಯಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟಿತು. ಪಂದ್ಯ 4-4ರಲ್ಲಿ ಮುಗಿಯಿತು. ಗುಣ ರಕ್ತದಲ್ಲೇ ಇದ್ದಿದ್ದರೆ ಆ ರಾತ್ರಿ ಎಲ್ಲಿ ಹೋಗಿತ್ತು?

ಹಾಗಾದರೆ ಪುನರಾಗಮನ ಹೇಗೆ ಸಾಧ್ಯ?

ಮೇಲಿನ ಪಂದ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆಲವು ಸಂಗತಿಗಳು ಮರುಕಳಿಸುತ್ತವೆ. ಮೊದಲನೆಯದು ದೇಹದ ಕಸುವು. ಗೋಲುಗಳು ಹೆಚ್ಚಾಗಿ ಬಂದದ್ದು ಎದುರಾಳಿ ದಣಿದ ಹೊತ್ತಿನಲ್ಲಿ, ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಅಥವಾ ಹೆಚ್ಚುವರಿ ಸಮಯದಲ್ಲಿ. ಎರಡನೆಯದು ಬದಲಿ ಆಟಗಾರರು: ಗ್ರಾಬೊವ್ಸ್ಕಿ, ಡೀಟರ್ ಮುಲ್ಲರ್, ರುಮೆನಿಗ್ಗೆ. ಮೂರನೆಯದು ಮುಂದಿರುವ ತಂಡದ ಮನಸ್ಸು. ಗೆದ್ದಾಯಿತು ಎಂದುಕೊಂಡು ಹಿಂದೆ ಸರಿದು ರಕ್ಷಣೆಗೆ ನಿಂತರೆ ಚೆಂಡು ಸದಾ ತಮ್ಮ ಗೋಲಿನ ಬಳಿಯೇ ಇರುತ್ತದೆ. ಫ್ರಾನ್ಸ್ ಮಾಡಿದ್ದು ಇದಕ್ಕೆ ವಿರುದ್ಧವಾದ ತಪ್ಪು: 3-1 ಮುಂದಿದ್ದರೂ ಮತ್ತೊಂದು ಗೋಲಿಗೆ ನುಗ್ಗುತ್ತಲೇ ಇತ್ತು. ನಾಲ್ಕನೆಯದು ಮೊದಲ ಗೋಲು ಬರುವ ಹೊತ್ತು. ಬರ್ನ್‌ನಲ್ಲಿ ಎರಡು ಗೋಲು ಬಿಟ್ಟುಕೊಟ್ಟ ಎರಡೇ ನಿಮಿಷಕ್ಕೆ ಉತ್ತರ ಬಂದಿತ್ತು. ಕೊನೆಯದು ಅದೃಷ್ಟ: ಕಂಬಕ್ಕೆ ಬಡಿದ ಚೆಂಡು, ರೆಫರಿ ಕೊಡದ ಪೆನಾಲ್ಟಿ. ಛಲ ಬೇಡವೆಂದಲ್ಲ, ಛಲವೊಂದೇ ಸಾಲದು.

ನೀವೇ ಮಾಡಿ ನೋಡಬಹುದಾದದ್ದು

ನಿಮ್ಮ ಊರಿನಲ್ಲೂ ಇಂಥ ಪಂದ್ಯಗಳು ನಡೆದಿರುತ್ತವೆ. ಕಾಲೇಜು ತಂಡದ್ದಿರಬಹುದು, ಹಬ್ಬದ ದಿನದ ಪಂದ್ಯಾವಳಿಯದ್ದಿರಬಹುದು, ಆಟ ಯಾವುದೇ ಇರಬಹುದು. ಅದನ್ನು ಕಂಡ ಇಬ್ಬರು ಹಿರಿಯರನ್ನು ಹುಡುಕಿ, ಸಾಧ್ಯವಾದರೆ ಒಬ್ಬರು ಗೆದ್ದ ಕಡೆಯವರು, ಇನ್ನೊಬ್ಬರು ಸೋತ ಕಡೆಯವರು. ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಒಟ್ಟಿಗೆ ಕೂತರೆ ಒಬ್ಬರ ಕಥೆ ಇನ್ನೊಬ್ಬರದರಲ್ಲಿ ಬೆರೆತುಹೋಗುತ್ತದೆ. "ಎಷ್ಟು ಗೋಲಾಯಿತು?" ಎನ್ನುವುದಕ್ಕಿಂತ "ನೀವು ಎಲ್ಲಿ ನಿಂತಿದ್ದಿರಿ, ಏನು ಕಂಡಿತು, ಆಮೇಲೆ ಏನಾಯಿತು?" ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಂತರ ಗ್ರಂಥಾಲಯಕ್ಕೆ ಹೋಗಿ ಆ ವಾರದ ಹಳೆಯ ದಿನಪತ್ರಿಕೆಯಲ್ಲಿ ವರದಿ ಸಿಗುತ್ತದೆಯೇ ನೋಡಿ.

ಮೂರೂ ಒಂದಕ್ಕೊಂದು ಹೊಂದದಿದ್ದರೆ ಹಿರಿಯರು ಸುಳ್ಳು ಹೇಳಿದರೆಂದು ತಿಳಿಯಬೇಡಿ. ಎಷ್ಟನೆಯ ನಿಮಿಷಕ್ಕೆ ಗೋಲಾಯಿತು ಎಂಬುದನ್ನು ಪತ್ರಿಕೆ ಹೇಳುತ್ತದೆ. ಆ ಗೋಲು ಯಾರಿಗೆ ಏನಾಗಿತ್ತು ಎಂಬುದನ್ನು ಹಿರಿಯರು ಹೇಳುತ್ತಾರೆ. ಇತಿಹಾಸ ಓದುವವರಿಗೆ ಎರಡೂ ಬೇಕು. ಯಾವುದು ಯಾವುದೆಂದು ಬೇರ್ಪಡಿಸಿ ನೋಡುವ ಅಭ್ಯಾಸವೂ ಬೇಕು. ಪಂದ್ಯದ ವಿಷಯದಲ್ಲಿ ಅದನ್ನು ರೂಢಿಸಿಕೊಂಡವರು ನಾಳೆ ಚುನಾವಣೆ, ಗಲಭೆ, ಯುದ್ಧಗಳ ಬಗ್ಗೆ ಎರಡು ಕಡೆಯವರು ಎರಡು ಬಗೆಯಾಗಿ ಹೇಳಿದಾಗಲೂ ತಾಳ್ಮೆಯಿಂದ ಕೇಳಿ, ದಾಖಲೆಯನ್ನು ಹುಡುಕಿ, ತಮ್ಮದೇ ತೀರ್ಮಾನಕ್ಕೆ ಬರಬಲ್ಲರು.